ಪಾಠದ ಮನೆಗೆ ಮಕ್ಕಳ ಹಾಡೂ ಬರಲಿ

“ಕರ್ನಾಟಕ ಸಂಗೀತದ ಪಾಠದಲ್ಲಿ ಸಿನಿಮಾ ಹಾಡಿಗೆ ಜಾಗ ಕೊಟ್ಟರೆ ಮಕ್ಕಳ ಕಿವಿ ಕೆಡುತ್ತದೆ” ಎಂದು ಹಿರಿಯ ಶಿಕ್ಷಕಿಯೊಬ್ಬರು ಮೊನ್ನೆ ನನಗೆ ಬುದ್ಧಿ ಹೇಳಿದರು. ಹಿರಿಯರೆಂದು ಸುಮ್ಮನಿದ್ದೆ. ಆದರೆ ನನಗೆ ಒಪ್ಪಿಗೆಯಿಲ್ಲ.

ಮೈಸೂರಿನ ನಮ್ಮ ಮನೆಯಲ್ಲಿ ನಡೆಯುವ ಪಾಠದಲ್ಲಿ ಶನಿವಾರದ ಕೊನೆಯ ಸ್ವಲ್ಪ ಹೊತ್ತು ಮಕ್ಕಳದು. ಸರದಿಯಲ್ಲಿ ಒಬ್ಬರು ತಮಗಿಷ್ಟವಾದ ಹಾಡನ್ನು ತರಬೇಕು. ಹಾಡಬಹುದು, ಮೊಬೈಲಿನಲ್ಲಿ ಕೇಳಿಸಲೂಬಹುದು. “ಚೆನ್ನಾಗಿದೆ ಮಿಸ್” ಎಂದರೆ ಸಾಲದು, ಯಾವ ಜಾಗದಲ್ಲಿ ಚೆನ್ನಾಗಿದೆ ಎಂದು ತೋರಿಸಬೇಕು. ಆಮೇಲೆ ಎಲ್ಲರೂ ಕೂಡಿ ಶ್ರುತಿ ಹುಡುಕುತ್ತೇವೆ, ತಾಳ ಹಾಕುತ್ತೇವೆ, ಸ್ವರ ಬಿಡಿಸುತ್ತೇವೆ.

ಹೊನ್ನಾವರದ ಕಡೆಯ ಒಬ್ಬ ಹುಡುಗನಿಗೆ ಸಪ್ತತಾಳ ಅಲಂಕಾರಗಳಲ್ಲಿ, ಅಂದರೆ ಏಳು ತಾಳಗಳ ಸ್ವರಾಭ್ಯಾಸಗಳಲ್ಲಿ, ತ್ರಿಪುಟ ತಾಳ ಬಂದರೆ ಸಾಕು, ಕೈ ತಪ್ಪುತ್ತಿತ್ತು. ಮೂರೆಣಿಕೆಯ ಲಘು ಮುಗಿಯುವ ಮೊದಲೇ ಎರಡೆಣಿಕೆಯ ದ್ರುತಕ್ಕೆ ಹಾರುತ್ತಿದ್ದ. ತನ್ನ ಸರದಿಗೆ ಅವನು ತಂದದ್ದು ಯಕ್ಷಗಾನದ ಪದ್ಯ, ಅದೂ ತ್ರಿಪುಟದಂತೆಯೇ ಏಳೆಣಿಕೆಯ ತ್ರಿವುಡೆ ತಾಳದ್ದು. ಅಜ್ಜನ ಜೊತೆ ಆಟ ನೋಡುತ್ತಾ ಬೆಳೆದ ಹುಡುಗ ತಾಳದ ಏಳು ಅಕ್ಷರಗಳನ್ನು, ಅಂದರೆ ಎಣಿಕೆಗಳನ್ನು, ಎಣಿಸುವ ಗೋಜಿಗೇ ಹೋಗಲಿಲ್ಲ. ಆ ಏಳನ್ನೇ ಮೂರು, ಎರಡು, ಎರಡಾಗಿ ಒಡೆದು ಹಾಕಿಸಿದೆ. ತ್ರಿಪುಟದ ಕಾಟ ಅಲ್ಲಿಗೆ ಮುಗಿಯಿತು.

ಇನ್ನೊಬ್ಬಳು ಕೊರಿಯಾದ ತಂಡವೊಂದರ ಹಾಡು ತಂದಳು. ಸ್ವರ ಬಿಡಿಸಿದರೆ ನಮ್ಮ ನಠಭೈರವಿ ರಾಗದವೇ. ಆದರೆ ತಂಬೂರಿ ಹಾಕಿಕೊಂಡು ಹಾಡಿದಾಗ ಹಾಡು ಸಪ್ಪೆಯಾಯಿತು. ಏಕೆಂದು ಮಕ್ಕಳೇ ತಲೆ ಕೆಡಿಸಿಕೊಂಡರು. ಆ ಹಾಡಿನಲ್ಲಿ ಧಾಟಿಯ ಕೆಳಗೆ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಬದಲಾಗುತ್ತಾ ಹೋಗುತ್ತವೆ, ಒಂದೇ ಗಾಂಧಾರ (‘ಗ’ ಸ್ವರ) ಪ್ರತಿ ಸಲ ಬೇರೆ ಬಣ್ಣದಲ್ಲಿ ಕೇಳಿಸುತ್ತದೆ. ನಮ್ಮಲ್ಲಿ ಆಧಾರ ಷಡ್ಜ, ಅಂದರೆ ತಂಬೂರಿಯ ಮೂಲ ‘ಸ’, ಕದಲುವುದೇ ಇಲ್ಲ. ಬಣ್ಣ ಬೇಕಿದ್ದರೆ ಗಮಕದಿಂದಲೇ, ಅಂದರೆ ಸ್ವರವನ್ನು ಓಲಾಡಿಸಿ, ಜಾರಿಸಿ ಹಾಡುವುದರಿಂದಲೇ ತರಬೇಕು. ಗಮಕ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇರಲಿಲ್ಲ.

ಸಂಪ್ರದಾಯ ಕೆಡುತ್ತದೆ ಎನ್ನುವವರು ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲೊಬ್ಬರಾದ ಮುತ್ತುಸ್ವಾಮಿ ದೀಕ್ಷಿತರನ್ನು ನೆನೆಯಬೇಕು. ಬ್ರಿಟಿಷರ ಬ್ಯಾಂಡಿನ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಕೂಡಿಸಿದವರು ಅವರು. ನೊಟ್ಟುಸ್ವರ ಎಂದು ಇಂದು ಮಕ್ಕಳಿಗೆ ಕಲಿಸುವುದು ಅವನ್ನೇ, ‘ಸಂತತಂ ಪಾಹಿಮಾಂ’ ಅಂತೂ ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದರು. ನಮ್ಮೂರಿನ ಜಯಚಾಮರಾಜ ಒಡೆಯರು ಪಿಯಾನೋದಲ್ಲಿ ಮುಳುಗಿದ್ದವರು, ಆಮೇಲೆ 94 ಕೃತಿಗಳನ್ನು ರಚಿಸಿದರು. ಯಾರ ಕಿವಿ ಕೆಟ್ಟಿತು?

ಆದರೆ ಮಕ್ಕಳ ಹಾಡನ್ನು ಔಷಧಿಗೆ ಮುಂಚೆ ಕೊಡುವ ಬೆಲ್ಲದಂತೆ ಬಳಸುವುದು ನನಗೆ ಹಿಡಿಸದು. ಮಗು ಮನಸ್ಸಿಟ್ಟು ಕೇಳಿಸಿದ ಹಾಡಿಗೆ “ಓ, ಇದು ಮೋಹನ” ಎಂದು ರಾಗದ ಹೆಸರಿಟ್ಟು ಪುಸ್ತಕ ತೆರೆಯುವವರಿದ್ದಾರೆ. ಮಕ್ಕಳಿಗೆ ಅದು ಕೂಡಲೇ ಗೊತ್ತಾಗುತ್ತದೆ. ಎಷ್ಟೋ ಹಾಡುಗಳು ಯಾವ ರಾಗಕ್ಕೂ ಕೂರುವುದಿಲ್ಲ, ಕೂರುವುದಿಲ್ಲ ಎಂದೇ ಹೇಳಬೇಕು. ಇಷ್ಟಾದರೂ ಸರಳೆ, ಜಂಟಿ ವರಸೆಗಳೆಂಬ ಆರಂಭದ ಸ್ವರಾಭ್ಯಾಸಗಳಲ್ಲಿ ರಿಯಾಯಿತಿ ಇಲ್ಲ. ಸಂಗೀತದ ಜೂನಿಯರ್ ಪರೀಕ್ಷೆ ಏನಾಗುತ್ತದೋ ಎನ್ನುವ ಪೋಷಕರು ನಿಶ್ಚಿಂತೆಯಿಂದಿರಬಹುದು.

ಬರುವ ಶನಿವಾರ ಒಬ್ಬ ರ‍್ಯಾಪ್ ತರುತ್ತಾನಂತೆ. ಅದರಲ್ಲಿ ಸ್ವರ ಬಿಡಿಸಲು ಹೆಚ್ಚೇನೂ ಇರಲಾರದು, ಕೆಲಸವೆಲ್ಲ ಲಯದ್ದು. ಮೈಸೂರಿನಲ್ಲಿರುವ ಮೃದಂಗದ ಗೆಳೆಯರಲ್ಲಿ ಕೊನ್ನಕ್ಕೋಲ್ (ಮೃದಂಗದ ಜತಿಗಳನ್ನು ಬಾಯಲ್ಲಿ ನುಡಿಯುವ ಕಲೆ) ಬಲ್ಲವರು ಯಾರಾದರೂ ಸಂಜೆ ಬಂದು ಹೋಗಲು ಸಾಧ್ಯವೇ? ಕಾಫಿ ನನ್ನದು.