ಪಾಲುಪಟ್ಟಿಯ ನಾಟಕ: ಇದ್ದ ಹಾಗೇ ಆಡಬೇಕೇ?

ಕಾಸರಗೋಡಿನ ಹವ್ಯಾಸಿ ತಂಡವೊಂದು 1970ರ ದಶಕದ ನಾಟಕವೊಂದನ್ನು ಮತ್ತೆ ರಂಗಕ್ಕೆ ತಂದಿದೆ. ಅಳಿಯಕಟ್ಟಿನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಪದ್ಧತಿಯ, ತರವಾಡು (ಕೂಡುಕುಟುಂಬದ ಮೂಲ) ಮನೆಯ ಕತೆ. ಯಜಮಾನನಾದ ಸೋದರಮಾವ, ಪಾಲು ಕೇಳಿ ಕೋರ್ಟಿಗೆ ಹೋಗುವ ಅಳಿಯ, ಇಬ್ಬರ ನಡುವೆ ಅಳಿಯನ ತಾಯಿ, ಅಂದರೆ ಯಜಮಾನನ ತಂಗಿ. ಕೊನೆಗೆ ಮನೆ ಒಡೆಯುತ್ತದೆ. ತಂಡ ಒಂದು ಮಾತನ್ನೂ ಬದಲಿಸಿಲ್ಲ. ಅದು ಸರಿಯೇ?

ಪರ

ಸರಿ. ಈ ನಾಟಕದ ಜಗಳ ಬರೀ ದುರಾಸೆಯದ್ದಲ್ಲ. ಅದು ಒಂದು ಕಾಲದ ಜಗಳ. ಆ ಕಾಲವನ್ನು ತೆಗೆದರೆ ಉಳಿಯುವುದು ಟಿವಿ ಧಾರಾವಾಹಿ.

ಮಾವ ಯಾಕೆ ಲೆಕ್ಕ ಕೊಡುವುದಿಲ್ಲ? ಕೊಡಲು ಅವನ ಹತ್ತಿರ ಏನೂ ಉಳಿದಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಹೋಯಿತು. ಗೇಣಿಯ ಅಕ್ಕಿ ಬರುತ್ತಿದ್ದ ಮನೆಗಳಲ್ಲಿ ಪತ್ತಾಯ (ಕಣಜ) ಖಾಲಿಯಾಯಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಯಜಮಾನಿಕೆ ಮಾತ್ರ ಉಳಿದು ಆದಾಯ ಹೋದ ಮನುಷ್ಯನ ಹೆದರಿಕೆ ಹೇಗಿರುತ್ತದೆ ಎಂದು ಈ ನಾಟಕ ತೋರಿಸುತ್ತದೆ. 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಕಾನೂನು ಕೇರಳದ ಹಿಂದೂ ಕೂಡುಕುಟುಂಬಗಳನ್ನೇ ರದ್ದು ಮಾಡಿತು. ಇವತ್ತಿನ ಹುಡುಗರಿಗೆ ಅಳಿಯಕಟ್ಟು ಯಾವುದು, ತಂದೆಯಿಂದ ಮಕ್ಕಳಿಗೆ ಆಸ್ತಿ ಹೋಗುವ ಮಕ್ಕಳಕಟ್ಟು ಯಾವುದು ಎಂದೇ ಗೊತ್ತಿಲ್ಲ. ಅವರಿಗಾಗಿ ಕತೆಯನ್ನು ಈಗಿನ ಕಾಲಕ್ಕೆ ತಂದು ಮಾವನ ಕೈಗೆ ಮೊಬೈಲ್ ಕೊಟ್ಟರೆ, ಅವನು ಸುಮ್ನೆ ಒಬ್ಬ ಜಿಪುಣನಾಗಿ ಕಾಣುತ್ತಾನೆ.

ಇನ್ನೊಂದು ದೃಶ್ಯವಿದೆ. ತಾಲೂಕು ಕಚೇರಿಯಿಂದ ನೋಟೀಸು ಬರುತ್ತದೆ. ಮಲಯಾಳದಲ್ಲಿದೆ. ಮಾವನಿಗೆ ಓದಲು ಬರುವುದಿಲ್ಲ. ತನ್ನ ಮೇಲೆ ದಾವೆ ಹಾಕಿದ ಅಳಿಯನನ್ನೇ ಕರೆದು ಓದಿಸುತ್ತಾನೆ. ಅಳಿಯ ಚಾವಡಿಯಲ್ಲಿ ನಿಂತು ಒಂದೊಂದೇ ಸಾಲು ತುಳುವಿನಲ್ಲಿ ಹೇಳುತ್ತಾನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರ ನಮ್ಮ ಎಷ್ಟೋ ಹಿರಿಯರು ತಮ್ಮದೇ ಜಾಗದ ಕಾಗದವನ್ನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕಾಯಿತು. ಗಡಿಯ ನೋವನ್ನು ಭಾಷಣದಲ್ಲಿ ಬೇಕಾದಷ್ಟು ಕೇಳಿದ್ದೇವೆ. ಒಂದು ಮನೆಯೊಳಗಿನ ಜಗಳದಲ್ಲಿ ಅದು ಇಷ್ಟು ಚೆನ್ನಾಗಿ ಕೂತಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮತ್ತೆ ಆ ಸುರಂಗ. ತೋಟ ಅಳೆದು ಪಾಲು ಮಾಡುತ್ತಾರೆ. ನೀರಿಗಾಗಿ ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಸುರಂಗ ಮಾವನ ಪಾಲಿಗೆ ಬರುತ್ತದೆ. ಅದರ ನೀರು ಕುಡಿದು ಬದುಕುವ ಕೆಳಗಿನ ಅಡಿಕೆ ತೋಟ ಅಳಿಯನಿಗೆ. ನೆಲವನ್ನು ಹಗ್ಗ ಹಿಡಿದು ಅಳೆಯಬಹುದು, ಏಪ್ರಿಲ್ ತಿಂಗಳ ನೀರನ್ನು ಏನು ಮಾಡುವುದು? ಇಂಥ ಸುರಂಗಗಳಿರುವ ಬಾಯಾರು ಕಡೆಯವರಿಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಬರವಣಿಗೆಯ ಮೇಲೆ ಕೈ ಇಡಬೇಡಿ.

ವಿರೋಧ

ಸುರಂಗದ ದೃಶ್ಯ ನನಗೂ ಇಷ್ಟ. ಮೊಬೈಲ್ ತನ್ನಿ ಎಂದು ನಾನೂ ಹೇಳುವುದಿಲ್ಲ. ನನ್ನ ತಕರಾರು ಆ ತಾಯಿಯ ಬಗ್ಗೆ.

ಅಳಿಯಕಟ್ಟಿನಲ್ಲಿ ಮನೆತನ ನಡೆಯುವುದು ಹೆಣ್ಣಿನಿಂದ. ಮಾವನಿಗೆ ಯಜಮಾನಿಕೆ ಬಂದದ್ದು ಅವನ ತಾಯಿಯಿಂದ, ಅಳಿಯನಿಗೆ ಹಕ್ಕು ಬಂದದ್ದು ಈ ತಾಯಿಯಿಂದ. ಅವಳಿಂದ ಇಳಿದ ಸಂತತಿಯೇ ಅವಳ ಕವರು. ಮದ್ರಾಸಿನ 1949ರ ಅಳಿಯಸಂತಾನ ಕಾನೂನಿನ ಪ್ರಕಾರ ಪಾಲು ಕೇಳಬೇಕಾದರೆ ಕವರಿನ ವಯಸ್ಕರಲ್ಲಿ ಹೆಚ್ಚಿನವರು ಒಪ್ಪಬೇಕಿತ್ತು. ನಾಟಕದಲ್ಲಿ ಅವಳ ಕವರು ಅಂದರೆ ಅವಳು ಮತ್ತು ಮಗ, ಇಬ್ಬರೇ. ಇಬ್ಬರೇ ಇರುವ ಕವರಿನಲ್ಲಿ ಮಾತ್ರ ಒಬ್ಬರು ಕೇಳಿದರೂ ಸಾಕಿತ್ತು. ಹಾಗಾದರೆ ಮಗ ಅವಳನ್ನು ಕೇಳದೆಯೇ ದಾವೆ ಹಾಕಿದನೇ, ಅವಳೂ ಒಪ್ಪಿದ್ದಳೇ? ಒಪ್ಪಿದ್ದರೆ ಅಣ್ಣನ ಮುಂದೆ ಯಾವ ಮುಖದಲ್ಲಿ ನಿಂತಳು? ಇಡೀ ನಾಟಕದ ಕೀಲಿ ಅವಳ ಸೆರಗಿನಲ್ಲಿದೆ. ನಾಟಕ ಅವಳನ್ನು ಕೇಳುವುದೇ ಇಲ್ಲ. ಅವಳು ಬೆಲ್ಲ, ನೀರು ತರುತ್ತಾಳೆ, ಅಳುತ್ತಾಳೆ, "ಇಬ್ಬರೂ ನನ್ನವರೇ" ಎಂದು ಒಳಗೆ ಹೋಗುತ್ತಾಳೆ.

ಆ ಕಾಲದ ಹೆಂಗಸರು ಹಾಗೇ ಇದ್ದರು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತರವಾಡು ಮನೆಯ ಹಿರಿಯ ಹೆಂಗಸಿನ ಮಾತಿಗೆ ಚಾವಡಿಯಲ್ಲೂ ತೂಕವಿತ್ತು. ಕಾರಣ ಬೇರೆ ಇರಬೇಕು. ಆಗ ಊರ ನಾಟಕಗಳಲ್ಲಿ ಹೆಣ್ಣು ಪಾತ್ರವನ್ನು ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದರು. ಬರೆಯುವವರು ಅಂಥ ಪಾತ್ರಕ್ಕೆ ಮಾತು ಕಡಿಮೆ ಇಡುತ್ತಿದ್ದರು. ಈಗ ಆ ಪಾತ್ರಕ್ಕೆ ಒಳ್ಳೆಯ ನಟಿ ಸಿಕ್ಕಿದ್ದಾರೆ. ಅವರು ಕಂಬಕ್ಕೆ ಒರಗಿ ನಿಂತಾಗ ಸಭೆಯೆಲ್ಲ ಅವರನ್ನೇ ನೋಡುತ್ತಿತ್ತು. ಅವರಿಗೆ ಆಡಲು ಮಾತೇ ಇರಲಿಲ್ಲ. ಇದು ಅನ್ಯಾಯ ಅಲ್ವಾ?

ಹಳೆಯ ಬರವಣಿಗೆಯನ್ನು ಮುಟ್ಟಬಾರದು ಎನ್ನುವ ಮಾತು ನಮ್ಮ ನೆಲಕ್ಕೆ ಹೊಂದುವುದೂ ಇಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳನ್ನು ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ) ಇವತ್ತಿಗೂ ಹಾಡುತ್ತಾರೆ. ಪದ್ಯ ಅದೇ. ಪಾತ್ರವಾಗಿ ಮಾತಾಡುವ ಅರ್ಥಧಾರಿ ಆಡುವ ಮಾತು ಪ್ರತಿ ರಾತ್ರಿ ಹೊಸದು. ಕೈಕೇಯಿ ಒಂದು ರಾತ್ರಿ ದಶರಥನನ್ನು ಸೋಲಿಸುತ್ತಾಳೆ, ಇನ್ನೊಂದು ರಾತ್ರಿ ತಾನೇ ಕುಗ್ಗುತ್ತಾಳೆ. ಅದರಿಂದ ಪಾರ್ತಿಸುಬ್ಬನಿಗೆ ಅವಮಾನವಾಯಿತು ಎಂದು ಯಾರೂ ಹೇಳಿಲ್ಲ.

ನಾನು ಕೇಳುವುದು ಒಂದೇ ದೃಶ್ಯ. ನೋಟೀಸು ಇರಲಿ, ಸುರಂಗ ಇರಲಿ, ಮನೆ ಒಡೆಯುವುದೂ ಇರಲಿ. ತೋಟ ಅಳೆಯಲು ಜನ ಬರುವ ಮೊದಲು ಅಣ್ಣ ತಂಗಿಯನ್ನು ಚಾವಡಿಗೆ ಕರೆದು, "ನೀನೂ ರುಜು ಹಾಕಿದ್ದೀಯಾ?" ಎಂದು ಕೇಳಲಿ. ಅವಳು ಹೌದು ಎನ್ನಲಿ, ಅಲ್ಲ ಎನ್ನಲಿ, ಯಾಕೆ ಎಂದು ಅವಳ ಬಾಯಿಂದಲೇ ಬರಲಿ.