ಎರಡು ಟ್ಯಾಂಕಿನ ಅಳಿಯ

ಸಕಲೇಶಪುರದ ಕಡೆ ನಮ್ಮ ಮಾವನವರ ಕಾಫಿ ತೋಟದಲ್ಲಿ ಬೂದು ಬಣ್ಣದ ಹಳೆಯ ಫರ್ಗುಸನ್ ಟ್ರ್ಯಾಕ್ಟರ್ ಇತ್ತು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಟಿಇ-20. ಅದರಲ್ಲಿ ಪೆಟ್ರೋಲ್ ಕುಡಿಯುವ, ಡೀಸೆಲ್ ಕುಡಿಯುವ ಮಾದರಿಗಳೂ ಇದ್ದವು. ಮಾವನವರಿಗೆ ಗಂಟುಬಿದ್ದದ್ದು ಎರಡು ಬಗೆಯ ಎಣ್ಣೆ ಕೇಳುವ ಮಾದರಿ. ಬ್ರಿಟನ್ನಿನಲ್ಲಿ ಅದಕ್ಕೆಂದೇ ಸೀಮೆಎಣ್ಣೆಯ ದಾಯಾದಿಯಂಥ ಟಿವಿಒ ಎಂಬ ಅಗ್ಗದ ಇಂಧನ ಸಿಗುತ್ತಿತ್ತು. ನಮ್ಮ ಮನೆಯಲ್ಲಿದ್ದದ್ದು ರೇಷನ್ನಿನ ನೀಲಿ ಸೀಮೆಎಣ್ಣೆ, ಅದೂ ಅತ್ತೆಯವರ ಸ್ಟವ್‌ನ ಪಾಲಿನದು.

ಆ ಟ್ರ್ಯಾಕ್ಟರಿಗೆ ನಡೆಯುತ್ತಿದ್ದ ಉಪಚಾರ ಹೊಸ ಅಳಿಯನಿಗೂ ನಡೆಯುವುದಿಲ್ಲ, ಅಳಿಯನಾಗಿಯೇ ಹೇಳುತ್ತಿದ್ದೇನೆ. ತಣ್ಣಗಿರುವಾಗ ಸೀಮೆಎಣ್ಣೆ ಸರಿಯಾಗಿ ಆವಿಯಾಗುವುದಿಲ್ಲ. ಹಾಗಾಗಿ ಮೊದಲು ಸಣ್ಣ ಟ್ಯಾಂಕಿನ ಪೆಟ್ರೋಲ್ ಕುಡಿಸಿ ಎಬ್ಬಿಸಬೇಕು, ಎಂಜಿನ್ ಕಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಒಗ್ಗಿಸಬೇಕು. ಮಲೆನಾಡಿನ ಮಳೆಯಲ್ಲಿ ಅದಕ್ಕೆ ಶೀತವಾಗದಂತೆ ರೇಡಿಯೇಟರಿಗೆ ಗೋಣಿಚೀಲ ಹೊದಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಿ, ಕಾರ್ಬುರೇಟರಿನಲ್ಲಿ ಉಳಿದ ಸೀಮೆಎಣ್ಣೆ ಉರಿದು ಮುಗಿಯುವವರೆಗೆ ಕಾಯಬೇಕು. ಆದರೆ ಅಡುಗೆಮನೆಯಿಂದ ಕಡುಬಿನ ಆವಿ ಬಂದರೆ ಮಾವನವರು ಕಾಯುವವರಲ್ಲ. ಮರುದಿನ ಕಾರ್ಬುರೇಟರ್ ಬಸಿದು, ಆಳುಗಳೆಲ್ಲ ಸೇರಿ ಏರಿಯ ಮೇಲೆ ತಳ್ಳುವ ಉತ್ಸವ.

ಜರ್ಮನಿಯ ಲಾಂಜ್ ಬುಲ್‌ಡಾಗ್ ಎಂಬ ಟ್ರ್ಯಾಕ್ಟರ್ ಇದಕ್ಕಿಂತ ಘನವಾದದ್ದು. ಅದರ ಮೂತಿಯಲ್ಲಿದ್ದ ಬಲ್ಬ್ ಎಂಬ ಲೋಹದ ಗೂಡನ್ನು ಬೆಂಕಿ ಉಗುಳುವ ಬ್ಲೋಲ್ಯಾಂಪಿನಿಂದ ಕಾಯಿಸಿದರಷ್ಟೇ ಹೊರಡುತ್ತಿತ್ತು. ಎಂಜಿನ್ ಉಲ್ಟಾ ತಿರುಗುವುದೂ ಉಂಟು. ಅದು ಮಾವನವರ ಕೈಗೆ ಸಿಗದಿದ್ದದ್ದು ಹೇಮಾವತಿಯ ಕೃಪೆ.

ಒಂದು ದಿನ ಮಾವನವರು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಹಿಡಿದುಕೊಂಡು ಜಗಲಿಗೆ ಬಂದರು. "ನೋಡಿ, ಎಂಜಿನ್ ಆಯಿಲ್ ಹೋದ ತಿಂಗಳಿಗಿಂತ ಹೆಚ್ಚಾಗಿದೆ. ಆಯಿಲ್ ತಾನೇ ಉತ್ಪಾದಿಸುವ ಗಾಡಿ ಈ ತಾಲ್ಲೂಕಿನಲ್ಲೇ ಇನ್ನೊಂದಿಲ್ಲ!" ನೆರೆಮನೆಯವರನ್ನೂ ಕರೆದು ತೋರಿಸಿದರು.

ಹಾಸನದಿಂದ ಬಂದ ಮೆಕ್ಯಾನಿಕ್ ಕಡ್ಡಿಯ ತುದಿಯನ್ನು ಮೂಸಿ ನೋಡಿ ಮುಖ ಸಿಂಡರಿಸಿದ. ಎಂಜಿನ್ ಸಾಕಷ್ಟು ಕಾಯದಿದ್ದರೆ ಸೀಮೆಎಣ್ಣೆ ಪೂರ್ತಿ ಉರಿಯದೆ ಪಿಸ್ಟನ್ನಿನ ಪಕ್ಕದಿಂದ ಜಾರಿ ಕೆಳಗಿನ ಆಯಿಲಿಗೆ ಸೇರುತ್ತದೆಯಂತೆ. ಆಯಿಲ್ ನೀರಾಗಿ ಬೇರಿಂಗುಗಳು ಸವೆಯುತ್ತವೆಯಂತೆ. ಅವನು ಬೋಲ್ಟ್ ಬಿಚ್ಚಿದಾಗ ಕಪ್ಪು ಸಾರಿನಂಥದ್ದು ಬಕೆಟ್ಟಿಗೆ ಸುರಿಯಿತು.

ಅತ್ತೆಯವರು ಬಾಗಿಲ ಸಂದಿಯಿಂದಲೇ ವಾಸನೆ ಹಿಡಿದರು. "ಕ್ಯಾನಿನಲ್ಲಿ ಇಲಿ ತೂತು ಮಾಡಿದೆ ಎಂದು ಯಾರೋ ಹೇಳಿದ್ದರಲ್ಲ?"

ಮಾವನವರು ಗೋಣಿಚೀಲ ಸರಿಪಡಿಸುವುದರಲ್ಲಿ ಮಗ್ನರಾದರು.