ಸೋರುವ ಪೆಟ್ರೋಲ್ ಕಾಕ್‌ಗೆ ಪೇಸ್ಟ್ ಮೆತ್ತೋ ಚಾಳಿ

ಯಮಹಾ ಆರ್‌ಎಕ್ಸ್ 100 ಬೈಕಿನ ಪೆಟ್ರೋಲ್ ಕಾಕ್, ಅಂದ್ರೆ ಟ್ಯಾಂಕಿನಡಿ ಪೆಟ್ರೋಲ್ ಬಿಡೋ-ನಿಲ್ಲಿಸೋ ನಲ್ಲಿ, ಸೋರಿತು ಅಂದ್ರೆ ಸಾಕು, ಮೆಕ್ಯಾನಿಕ್‌ಗಳು ಸಿಲಿಕಾನ್ ಪೇಸ್ಟ್ ಮೆತ್ತಿ ಕಳಿಸಿಬಿಡ್ತಾರೆ. ಥೂ! ಪೆಟ್ರೋಲಲ್ಲಿ ಅದು ಉಬ್ಬಿ, ಲೋಳೆಯಾಗಿ, ಚೂರುಚೂರಾಗಿ ಕಾರ್ಬುರೇಟರಿನ ಜೆಟ್‌ನಲ್ಲೇ (ಪೆಟ್ರೋಲ್ ಹಾಯೋ ಸಣ್ಣ ತೂತಿನಲ್ಲೇ) ಹೋಗಿ ಕೂರುತ್ತೆ. ಕಾಕ್ ಒರೆಸಿ ಒಣಗಿಸಿ, ಹನಿ ಎಲ್ಲಿಂದ ಬರ್ತಿದೆ ಅಂತ ಎರಡು ನಿಮಿಷ ನೋಡೋಕೇನು ಕಷ್ಟ? ಟ್ಯಾಂಕಿಗೆ ಕೂರುವ ಜಾಗ ಒದ್ದೆಯಾದರೆ ಅಲ್ಲಿನ ರಬ್ಬರ್ ಬಳೆ, ಅಂದ್ರೆ ಓ-ರಿಂಗ್, ಹೋಗಿದೆ. ಲಿವರ್ ಸುತ್ತ ಜಿನುಗಿದರೆ, ಇಲ್ಲವೇ ಆಫ್ ಮಾಡಿದರೂ ಪೈಪಿಗೆ ಇಳಿದರೆ, ಒಳಗಿನ ತೂತುಗಳಿರೋ ರಬ್ಬರ್ ವಾಷರ್ ಹೋಗಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಉಬ್ಬುತ್ತೆ, ಒಣಗಿದರೆ ಕುಗ್ಗಿ ಸೀಳುತ್ತೆ. ಓ-ರಿಂಗ್ ವೈಟನ್‌ದೇ (ಪೆಟ್ರೋಲ್ ತಡೆಯೋ ರಬ್ಬರಿನದೇ) ಕೇಳಿ. ಎಂಜಿನ್ ತಣ್ಣಗಾದ ಮೇಲೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಯೇ ಬಿಚ್ಚಿ. ಲಿವರ್ ತೆಗೆಯುವಾಗ ಅಲೆಅಲೆಯಾದ ಆ ತೆಳು ಸ್ಪ್ರಿಂಗ್ ವಾಷರ್ ಹಾರಿತೋ, ಹುಡುಕ್ತಾ ಕೂರಬೇಕು. ಸ್ಕ್ರೂ ಸಿಕ್ಕಾಪಟ್ಟೆ ಬಿಗಿಯಬೇಡಿ, ಕಾಕ್ ಮೆತ್ತನೆ ಲೋಹದ್ದು, ಥ್ರೆಡ್ ಕಿತ್ತು ಬರುತ್ತೆ.